ಬ್ರಾ ಒಳಗಿನ ಬ್ರೆಸ್ಟ್ ಪಂಪ್: ಚೇಂಬರಿಗೆ ಸರಿ, ಕೋರ್ಟ್ ಹಾಲಿಗೆ ಅಲ್ಲ

ತೀರ್ಪು ಮೊದಲು, ಕಾರಣ ಆಮೇಲೆ. ಬ್ರಾ ಒಳಗೆ ಕೂರಿಸಿಕೊಳ್ಳುವ ಈ ವೈರಿಲ್ಲದ ಬ್ರೆಸ್ಟ್ ಪಂಪ್ ಒಳ್ಳೆಯದೇ, ಆದರೆ ಮನೆಯಲ್ಲಿರುವ ದೊಡ್ಡ ಪಂಪಿನ ಜೊತೆಗೆ ಎರಡನೆಯದಾಗಿ ಇಟ್ಟುಕೊಂಡರೆ ಮಾತ್ರ. ಇದೊಂದನ್ನೇ ನಂಬಿಕೊಂಡು ಪೂರ್ತಿ ವಕೀಲಿ ಪ್ರಾಕ್ಟೀಸಿಗೆ ವಾಪಸ್ ಹೋಗುತ್ತೇನೆ ಅನ್ನುವವರು ಸ್ವಲ್ಪ ತಡೆಯಿರಿ. ಡ್ರಾಫ್ಟಿಂಗ್‌ಗೆ ಕೂತಾಗ, ಬೇರೆ ಯಾರೋ ಓಡಿಸುತ್ತಿರುವ ಕಾರಿನಲ್ಲಿ ಕೂತಾಗ, ಮುಗಿಯುವ ಲಕ್ಷಣವೇ ಇಲ್ಲದ ಕಕ್ಷಿದಾರರ ಫೋನು ಬಂದಾಗ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕೋರ್ಟ್ ಹಾಲಿನಲ್ಲಿ ಬರುವುದಿಲ್ಲ. ಐದಕ್ಕೆ ಮೂರೂವರೆ ಸ್ಟಾರ್.

ನಾನು ಸಿವಿಲ್ ಕೇಸು ನಡೆಸುವ ವಕೀಲೆ. ಮಗು ಇನ್ನೂ ಎದೆಹಾಲು ಮಾತ್ರ ಕುಡಿಯುತ್ತಿದ್ದಾಗಲೇ ಕೆಲಸಕ್ಕೆ ಮರಳಿದೆ. ಪಂಪು ತಗೊಳ್ಳುವ ಮೊದಲು ನಾನೂ ರಾಶಿ ವಿಮರ್ಶೆ ಓದಿದ್ದೆ. ಹೆಚ್ಚಿನವು ನಿಗದಿತ ಹೊತ್ತಿಗೆ ಆಫೀಸು, ನಿಗದಿತ ಹೊತ್ತಿಗೆ ಬಿಡುವು ಇರುವವರು ಬರೆದದ್ದು. 'ಹತ್ತೂವರೆಗೆ ಒಂದು ಸಲ, ಒಂದೂವರೆಗೆ ಒಂದು ಸಲ, ನಾಲ್ಕೂವರೆಗೆ ಒಂದು ಸಲ, ಅಷ್ಟೇ' ಅಂತ ಬರೆದಿರುತ್ತಾರೆ. ಓದಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಕೇಸು ಎಷ್ಟು ಹೊತ್ತಿಗೆ ಕರೆಯುತ್ತಾರೆ ಅನ್ನುವುದು ಕರೆಯುವ ತನಕ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಪಟ್ಟಿಯಲ್ಲಿ ಮೇಲಿದ್ದರೂ ಮಧ್ಯಾಹ್ನ ದಾಟಬಹುದು, ಕೆಳಗಿದ್ದರೂ ಮೇಲಿನವೆಲ್ಲ ಒಂದರ ಹಿಂದೆ ಒಂದು ವಾಯಿದೆ ತಗೊಂಡು ಹೋಗಿ ನಾವು ಫೈಲು ಬಿಚ್ಚುವ ಮೊದಲೇ ನಮ್ಮ ಹೆಸರು ಕೂಗಬಹುದು.

ಎದೆಹಾಲಿಗೆ ವಾಯಿದೆ ಕೇಳಲು ಬರುವುದಿಲ್ಲ. ಮಗು ಮೂರು ಗಂಟೆಗೊಮ್ಮೆ ಕುಡಿಯುತ್ತಿದ್ದರೆ ಹೆಚ್ಚೂಕಡಿಮೆ ಅದೇ ಅಂತರದಲ್ಲಿ ನಾವೂ ತೆಗೆಯಬೇಕು. ತಡವಾದರೆ ಮೊದಲು ಎದೆ ಕಲ್ಲಿನ ಹಾಗೆ ಬಿಗಿಯುತ್ತದೆ, ಆಮೇಲೆ ನೋವು, ಅದನ್ನೂ ಕಡೆಗಣಿಸಿದರೆ ಚಳಿಜ್ವರ ಬರಿಸುವ ಮಾಸ್ಟೈಟಿಸ್ ಅನ್ನುವ ಎದೆಯ ಬಾವು. ದಿನಾ ತಪ್ಪಿಸುತ್ತಾ ಹೋದರೆ ದೇಹವೇ ಇಷ್ಟು ಹಾಲು ಬೇಕಿಲ್ಲ ಅಂತ ಲೆಕ್ಕ ಹಾಕಿ ಮಾಡುವುದನ್ನು ಕಡಿಮೆ ಮಾಡುತ್ತದೆ. ಖಾಲಿ ಮಾಡಿದಷ್ಟೇ ತುಂಬುತ್ತದೆ. ಹಾಗಾಗಿ ಒಬ್ಬ ವಕೀಲೆಗೆ ಪಂಪಿನ ಶಕ್ತಿಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಯಾವಾಗ ಬೇಕಾದರೂ ಶುರು ಮಾಡಿ, ಯಾವಾಗ ಬೇಕಾದರೂ ಅರ್ಧಕ್ಕೆ ನಿಲ್ಲಿಸಿ ಓಡಲು ಆಗುತ್ತದಾ? ನಾನು ಇದನ್ನು ನೋಡಿದ್ದು ಪೂರ್ತಿ ಆ ಕಣ್ಣಿನಿಂದಲೇ.

ಈ ಬಗೆಯ ಪಂಪು ತೀರಾ ಹೊಸದೇನಲ್ಲ. 2017ರಲ್ಲಿ ವಿಲ್ಲೋ, 2018ರಲ್ಲಿ ಎಲ್ವಿ ಅನ್ನುವ ಕಂಪನಿಗಳು ಟ್ಯೂಬೂ ಇಲ್ಲದ, ಕೆಳಗೆ ನೇತಾಡುವ ಬಾಟಲಿಯೂ ಇಲ್ಲದ ಪಂಪನ್ನು ತಂದವು. ಆಮೇಲೆ ಬಂದವರು ಬಹಳಷ್ಟು ಜನ ಅದೇ ಆಕಾರ ಹಿಡಿದರು. ನನ್ನದು ಆ ಎರಡರಲ್ಲಿ ಯಾವುದೂ ಅಲ್ಲ, ಹಿಂದಿನಿಂದ ಬಂದವುಗಳಲ್ಲಿ ಒಂದು. ಹೆಸರು ಹೇಳುವುದಿಲ್ಲ. ಇಲ್ಲಿ ಹೇಳುವ ಗುಣ ದೋಷಗಳು ಹೆಚ್ಚೂಕಡಿಮೆ ಈ ಜಾತಿಗೇ ಸೇರಿದವು. ಹಾಲು ತುಂಬುವ ಒಂದು ಅರ್ಧಗೋಲದಂಥ ಕಪ್ಪು, ಅದರ ಮೇಲೆ ಮೋಟಾರು, ಒಳಗೆ ಎದೆಗೆ ಕೂರುವ ಆಲಿಕೆಯಂಥ ಫ್ಲ್ಯಾಂಜು, ಒಂದು ಸಿಲಿಕೋನ್ ಪೊರೆ, ಒಂದು ಪುಟ್ಟ ವಾಲ್ವು. ಕಪ್ಪು 150 ಮಿಲಿ ಹಿಡಿಯುತ್ತದೆ. ಎರಡೂ ಕಡೆಗೆ ಒಂದೊಂದು.

ಡಬ್ಬಿ ಬಿಚ್ಚಿದ ಕೂಡಲೇ ನೋಡಬೇಕಾದದ್ದು ಸೈಜು. ಸಾಮಾನ್ಯವಾಗಿ 24 ಮಿಲಿಮೀಟರಿನ ಫ್ಲ್ಯಾಂಜು ಹಾಕಿ ಕೊಡುತ್ತಾರೆ, ಕೆಲವರು 28ರದ್ದು. ಎಷ್ಟೋ ಜನರಿಗೆ ಅದು ದೊಡ್ಡದಾಗುತ್ತದೆ. ಅಳೆಯಬೇಕಾದದ್ದು ಎದೆಯ ಗಾತ್ರವನ್ನಲ್ಲ, ತೊಟ್ಟಿನ ಅಡ್ಡಗಲವನ್ನು, ಅದೂ ಸುತ್ತಲಿನ ಕಂದು ಬಣ್ಣದ ಚರ್ಮವನ್ನು ಬಿಟ್ಟು. ದೊಡ್ಡ ಸೈಜಾದರೆ ಸುತ್ತಲಿನ ಚರ್ಮವೂ ಕೊಳವೆಯೊಳಗೆ ಎಳೆದುಹೋಗುತ್ತದೆ, ಹಾಲು ಕಡಿಮೆ, ಉರಿ ಜಾಸ್ತಿ. ಚಿಕ್ಕದಾದರೆ ತೊಟ್ಟು ಗೋಡೆಗೆ ಉಜ್ಜಿ ಗಾಯವಾಗುತ್ತದೆ. ಒಳಗೆ ತೂರಿಸುವ ಸಿಲಿಕೋನ್ ಉಂಗುರಗಳು 17, 19, 21 ಹೀಗೆ ಸಿಗುತ್ತವೆ, ನನಗೆ 19 ಸರಿಹೋಯಿತು. ಆದರೆ ಕಂಪನಿ ಅವನ್ನು ಡಬ್ಬಿಯಲ್ಲಿ ಹಾಕಿಲ್ಲ, ಬೇರೆ ಮಾರುತ್ತದೆ. ಮೊದಲ ಅರ್ಧ ಸ್ಟಾರ್ ಹೋದದ್ದು ಅಲ್ಲೇ. ಇಷ್ಟು ದುಡ್ಡು ತಗೊಂಡು ನಾಲ್ಕು ಉಂಗುರಕ್ಕೆ ಕೈ ಹಿಂದೆಗೆಯುವುದು ಏನು ಲಕ್ಷಣ!

ಪಂಪಿಗೆ ಎರಡು ನಡೆ ಇದೆ. ಮೊದಲು ಸಣ್ಣಗೆ, ಬೇಗ ಬೇಗ ಎಳೆಯುತ್ತದೆ. ಹಾಲು ಇಳಿಯಲು ಶುರುವಾದ ಮೇಲೆ ನಿಧಾನವಾಗಿ, ಆಳವಾಗಿ. ಮಗುವೂ ಹೀಗೇ ಕುಡಿಯುವುದು, ಗಮನಿಸಿ ನೋಡಿ. ಎರಡು ನಿಮಿಷಕ್ಕೆ ಪಂಪು ತಾನಾಗೇ ಎರಡನೇ ನಡೆಗೆ ಹಾರುತ್ತದೆ. ನನಗೆ ಅಷ್ಟು ಬೇಗ ಇಳಿಯುವುದಿಲ್ಲ, ಹಾಗಾಗಿ ಬಟನ್ ಒತ್ತಿ ಮತ್ತೆ ಮೊದಲಿಗೆ ತರಬೇಕು. ಬಟ್ಟೆಯ ಮೇಲಿನಿಂದ ತಡಕಿ ಸರಿಯಾದ ಬಟನ್ ಹುಡುಕುವುದು ಅಭ್ಯಾಸವಾಗಲು ಸಮಯ ಬೇಕು. ಇನ್ನೊಂದು ಮಾತು, ಎಳೆಯುವ ಶಕ್ತಿ ಏರಿಸಿದರೆ ಹಾಲು ಜಾಸ್ತಿ ಬರುತ್ತದೆ ಅನ್ನುವುದನ್ನು ನಂಬಬೇಡಿ. ನೋವಾದರೆ ಇಳಿಯುತ್ತಿರುವ ಹಾಲೂ ನಿಲ್ಲುತ್ತದೆ. ಇಷ್ಟು ಮಿಲಿಮೀಟರ್ ಪಾದರಸದ ಒತ್ತಡ ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿರುವುದು ಡಬ್ಬಿ ಮಾರಲಿಕ್ಕೆ. ನೋವಿಲ್ಲದೆ ತಡೆದುಕೊಳ್ಳುವಷ್ಟಕ್ಕೇ ಶಕ್ತಿ ಇಟ್ಟುಕೊಳ್ಳಿ.

ಹಾಲು ಇಳಿಸುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನು. ಗಾಬರಿ, ಸಿಟ್ಟು, ಒತ್ತಡ ಅದಕ್ಕೆ ಅಡ್ಡ ಬರುತ್ತವೆ. ಅಂದರೆ ನಮ್ಮ ಕಸುಬಿನಲ್ಲಿ ದಿನದ ಮುಕ್ಕಾಲು ಭಾಗ ಅಡ್ಡವೇ. ಪಾಟೀಸವಾಲಿಗೆ ಮುಂಚೆ ಕೂತರೆ ಕಪ್ಪಿನ ತಳ ಮುಚ್ಚುವಷ್ಟೂ ಬರುವುದಿಲ್ಲ, ಸಾಕ್ಷಿಯನ್ನು ಮುಗಿಸಿ ಹೊರಗೆ ಬಂದು ಕೂತರೆ ಅದೇ ಪಂಪು, ಅದೇ ಎದೆ, ತಾನಾಗೇ ಹರಿಯುತ್ತದೆ. ಎದುರು ಪಕ್ಷದ ತಕರಾರು ಓದುತ್ತಾ ಪಂಪ್ ಮಾಡುವುದನ್ನು ನಾನು ಬಿಟ್ಟೇಬಿಟ್ಟೆ. ಆ ಹೊತ್ತಿನಲ್ಲಿ ಪುಟದ ನಂಬರ್ ಹಾಕುವುದು, ದಾಖಲೆಗಳ ಪಟ್ಟಿ ಸರಿ ಮಾಡುವುದು, ಹಳೆಯ ತೀರ್ಪಿನ ಉಲ್ಲೇಖ ತಾಳೆ ನೋಡುವುದು, ಇಂಥ ಸಿಟ್ಟು ಬರಿಸದ ಕೆಲಸ ಇಟ್ಟುಕೊಳ್ಳಿ. ಮಗುವಿನ ವಿಡಿಯೋ ಒಂದು ನಿಮಿಷ ನೋಡಿ ಶುರು ಮಾಡಿದರೆ ಇಳಿಯುವುದು ಬೇಗ. ಇದು ಅಜ್ಜಿ ಮಾತಲ್ಲ, ಮಗುವನ್ನು ನೋಡಿದರೂ, ಅಳು ಕೇಳಿದರೂ, ನೆನೆಸಿಕೊಂಡರೂ ಆಕ್ಸಿಟೋಸಿನ್ ಬರುತ್ತದೆ.

ಈಗ ಕೆಲಸದ ವಿಷಯ. ಮೇಜಿನ ಮುಂದೆ ನೆಟ್ಟಗೆ ಕೂತು ಟೈಪ್ ಮಾಡಲು ಯಾವ ತೊಂದರೆಯೂ ಇಲ್ಲ. ದೊಡ್ಡ ಪಂಪಿನಲ್ಲಿ ಎರಡು ಬಾಟಲಿ, ಎರಡು ಟ್ಯೂಬು, ಪಕ್ಕದಲ್ಲಿ ಯಂತ್ರ, ಪ್ಲಗ್ಗು ಇರುವ ಗೋಡೆ, ಚಿಲಕ ಇರುವ ರೂಮು, ಇಷ್ಟೆಲ್ಲ ಬೇಕು. ಇದಕ್ಕೆ ಬಾಗಿಲು ಮುಂದೆ ತಳ್ಳಿದರೆ ಸಾಕು. ಚೇಂಬರಿನಲ್ಲಿ ಸ್ವಂತ ರೂಮು ಇಲ್ಲದ ಜೂನಿಯರ್‌ಗಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟಾಯ್ಲೆಟ್ಟಿನಲ್ಲಿ ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತು ಮಗುವಿನ ಹಾಲು ತೆಗೆಯಬೇಕಾದ ಗತಿ ಇದರಿಂದ ತಪ್ಪುತ್ತದೆ. ಇದೊಂದಕ್ಕೇ ಎರಡು ಸ್ಟಾರ್ ಕೊಡುತ್ತೇನೆ.

ಬಗ್ಗಿದರೆ ಮಾತ್ರ ಕಷ್ಟ. ಕೆಳಗಿನ ಖಾನೆಯಿಂದ ಫೈಲು ತೆಗೆಯಲು ಸೊಂಟ ಬಗ್ಗಿಸಿದಿರೋ, ಕಪ್ಪಿನ ಮೇಲಿನ ಸುರಿಯುವ ಬಾಯಿಯಿಂದ ಹಾಲು ಹೊರಗೆ. ಕಪ್ಪು ಅರ್ಧಕ್ಕಿಂತ ಜಾಸ್ತಿ ತುಂಬಿದ್ದರೆ ಸಾಕು. ಮೊದಲು ಬೆಚ್ಚಗೆ ಏನೋ ಹೊಟ್ಟೆಯ ಮೇಲೆ ಇಳಿದ ಹಾಗಾಗುತ್ತದೆ, ಆಮೇಲೆ ಅಂಗಿಯ ಮೇಲೆ ಅಂಗೈ ಅಗಲದ ಒದ್ದೆ. ನನ್ನದು ಒಂದು ಸಲ ಸಹಿ ಆದ ಅಫಿಡವಿಟ್ಟಿನ ಮೇಲೆಯೇ ತೊಟ್ಟಿಕ್ಕಿತು. ಶಾಯಿ ಸಹಿಯ ಬಾಲ ಹರಡಿ ನೀಲಿ ಮಚ್ಚೆ. ಕಕ್ಷಿದಾರರನ್ನು ಮತ್ತೆ ಕರೆಸಿ ಸಹಿ ಮಾಡಿಸಿದ್ದಾಯಿತು. ಕಾರಣ ಏನು ಅಂತ ಅವರು ಕೇಳಿದರು, ನೀರು ಚೆಲ್ಲಿತು ಅಂದೆ. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟುಕೊಂಡೇ ಕೆಳಗೆ ಕೂತು ತಗೊಂಡರೆ ಚೆಲ್ಲುವುದಿಲ್ಲ. ಬಳಸುವ ವಿಧಾನದ ಪುಸ್ತಕದಲ್ಲಿ ಇದು ಇದೆ, ಇಪ್ಪತ್ತು ಪುಟ ದಾಟಿದ ಮೇಲೆ, ಇರುವೆ ಅಕ್ಷರದಲ್ಲಿ. ಜಾಹೀರಾತಿನ ಹುಡುಗಿ ಮಾತ್ರ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಾಳೆ.

ಸದ್ದಿನ ಬಗ್ಗೆ. 'ನಿಶ್ಶಬ್ದ' ಅಂತ ಬರೆದಿದ್ದಾರೆ. ಫ್ಯಾನ್ ತಿರುಗುತ್ತಿರುವ, ಜನ ಓಡಾಡುವ ಆಫೀಸಿನಲ್ಲಿ ಕೇಳಿಸುವುದಿಲ್ಲ, ಸರಿ. ಫೋನಿನಲ್ಲಿ ಮಾತಾಡುವಾಗಲೂ ತೊಂದರೆ ಇಲ್ಲ. ಆದರೆ ವಿಡಿಯೋ ವಿಚಾರಣೆಯಲ್ಲಿ ಲ್ಯಾಪ್‌ಟಾಪಿನ ಮೈಕು ಎದೆಯ ಎತ್ತರಕ್ಕೇ ಇರುತ್ತದೆ. ನಮ್ಮ ಕೇಸಿಗೆ ಇನ್ನೂ ಹೊತ್ತಿದೆ ಅಂತ ಮ್ಯೂಟ್‌ನಲ್ಲಿ ಕೂತು ಪಂಪ್ ಮಾಡುತ್ತಿದ್ದೆ. ಮೇಲಿನ ಕೇಸು ದಿಢೀರನೆ ಮುಗಿದು ನಮ್ಮದನ್ನು ಕರೆದರು. ಮ್ಯೂಟ್ ತೆಗೆದು ಹಾಜರಾತಿ ಹೇಳಿದ ಕೂಡಲೇ ಪರದೆಯ ಇನ್ನೊಂದು ಕಿಟಕಿಯಲ್ಲಿದ್ದ ನಮ್ಮ ಸೀನಿಯರ್ ಕೇಳಿದರು: "ಏನಮ್ಮಾ, ನಿನ್ನ ಕಡೆ ಏನೋ ಗುರ್ ಗುರ್ ಅಂತಿದೆಯಲ್ಲ?" ಎರಡೂ ಕಡೆ ಬೇರೆ ಬೇರೆ ಆಫ್ ಮಾಡಬೇಕು. ಒಂದು ನಿಂತಿತು, ಇನ್ನೊಂದರ ಬಟನ್ ಸಿಗಲಿಲ್ಲ. ಸೀನಿಯರ್‌ಗೆ ಆಮೇಲೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನನ್ನ ಹೆಂಡತಿ ಕಾಲಕ್ಕೆ ಇದಿದ್ದಿದ್ದರೆ ಅವಳು ಕೆಲಸ ಬಿಡ್ತಿರಲಿಲ್ಲವೇನೋ" ಅಂದರು. ಬಾಯಿಯ ಹತ್ತಿರ ಬರುವ ಮೈಕ್ ಇರುವ ಹೆಡ್‌ಸೆಟ್ ಹಾಕಿಕೊಂಡರೆ ಗುರ್ ಗುರ್ ಅಷ್ಟಾಗಿ ಹೋಗುವುದಿಲ್ಲ. ಆದರೂ ವಾದ ಮಾಡುವಾಗ ಬೇಡವೇ ಬೇಡ.

ಇನ್ನು ನಿಜವಾದ ಕೋರ್ಟ್ ಹಾಲು. ಕೋಟಿನ ಒಳಗೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವವರಿದ್ದಾರೆ. ಗೊತ್ತಾಗುತ್ತದೆ, ಎದೆ ಎರಡು ಸೈಜು ಮುಂದೆ ಬಂದಿರುತ್ತದೆ. ಅದು ದೊಡ್ಡ ವಿಷಯವಲ್ಲ, ನೋಡುವವರು ನೋಡಲಿ. ನಿಜವಾದ ತೊಂದರೆ ಬೇರೆ. ನ್ಯಾಯಾಧೀಶರು ಬಂದಾಗ ಎದ್ದು ತಲೆಬಾಗಬೇಕು, ಹೋಗುವಾಗ ಬಾಗಬೇಕು, ಕೇಸು ಕರೆದಾಗ ಎದ್ದು ಕಟ್ಟುಕಟ್ಟು ಕಾಗದ ಎತ್ತಿಕೊಂಡು ಮುಂದೆ ಹೋಗಬೇಕು. ಬಾಗುವುದು, ಎತ್ತುವುದು, ಓಡುವುದು, ಈ ಮೂರೂ ಇದಕ್ಕೆ ಆಗಿಬರುವುದಿಲ್ಲ. ಜೊತೆಗೆ ಮೌನವಾಗಿರುವ ಕೋರ್ಟ್ ಹಾಲಿನಲ್ಲಿ ಆ ಗುರ್ ಗುರ್ ಹಿಂದಿನ ಸಾಲಿಗೂ ಕೇಳುತ್ತದೆ. ಕೋರ್ಟಿನ ದಿನಗಳಲ್ಲಿ ಉಪಯೋಗಕ್ಕೆ ಬಂದದ್ದು ಪಂಪಲ್ಲ, ಕೈಯಿಂದ ಹಿಂಡಿ ತೆಗೆಯುವುದನ್ನು ಕಲಿತಿದ್ದದ್ದು. ಬಿಗಿದ ಎದೆಯನ್ನು ಐದು ನಿಮಿಷದಲ್ಲಿ ಹಗುರ ಮಾಡಿಕೊಳ್ಳಲು ಅದಕ್ಕಿಂತ ಬೇಗದ ದಾರಿ ಇಲ್ಲ, ಬ್ಯಾಟರಿಯೂ ಬೇಡ. ಹೆರಿಗೆಯಾದ ಆಸ್ಪತ್ರೆಯಲ್ಲಿ ನರ್ಸ್ ಹೇಳಿಕೊಡುತ್ತಾರೆ, ಆಗ ಕಲಿತುಕೊಳ್ಳಿ.

ಸಮಯದ ಲೆಕ್ಕಕ್ಕೆ ಬರೋಣ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ದೊಡ್ಡ ಫರ್ಮುಗಳಲ್ಲಿ ಗಂಟೆಯನ್ನು ಆರಾರು ನಿಮಿಷದ ಹತ್ತು ತುಂಡು ಮಾಡುತ್ತಾರೆ. ಪಂಪಿನ ಒಂದು ಸರದಿ ಹದಿನೆಂಟು ನಿಮಿಷ ಅಂದುಕೊಂಡರೆ ಮೂರು ತುಂಡು. ಕೈ ಖಾಲಿ ಇರುವುದರಿಂದ ಆ ಮೂರು ತುಂಡು ಉಳಿಯಿತು ಅನ್ನುವುದೇ ಇದರ ಮಾರಾಟದ ಮಂತ್ರ. ಸರಿ, ಉಳಿಯಿತು. ಬಿಚ್ಚಿ, ಹಾಲು ಬಾಟಲಿಗೆ ಸುರಿದು, ಪ್ರತಿ ಕಡೆಯ ನಾಲ್ಕೈದು ಭಾಗ ಬಿಡಿಸಿ, ತೊಳೆದು, ಒಣಗಲು ಇಡುವ ಹೊತ್ತು? ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ದೊಡ್ಡ ಪಂಪಿಗಿಂತ ಇದರ ಭಾಗಗಳು ಜಾಸ್ತಿ, ಸಂದುಗೊಂದು ಜಾಸ್ತಿ. ಸಿಂಕಿನಲ್ಲಿ ನೇರ ಹಾಕಿ ತೊಳೆಯಬಾರದು, ಇದಕ್ಕೇ ಅಂತ ಒಂದು ಬೋಗುಣಿ, ಒಂದು ಬ್ರಷ್ ಬೇಕು, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಬೇಕು. ಎರಡು ತಿಂಗಳೊಳಗಿನ ಮಗುವಾದರೆ, ಅವಧಿಗೆ ಮುಂಚೆ ಹುಟ್ಟಿದ್ದಾದರೆ, ದಿನಕ್ಕೊಮ್ಮೆ ಕುದಿಸಿಯೋ ಹಬೆಯಲ್ಲಿಟ್ಟೋ ಸ್ಟೆರಿಲೈಸ್ ಕೂಡ ಮಾಡಬೇಕು. ಮೋಟಾರಿಗೆ ನೀರು ತಾಗಬಾರದು. ಆಫೀಸಿನ ವಾಷ್‌ರೂಮಿನಲ್ಲಿ ಬೋಗುಣಿ ಹಿಡಿದು ನಿಂತ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ನಾನು ಕಂಡುಕೊಂಡ ದಾರಿ ಅಂದರೆ ಕಪ್ಪು, ಫ್ಲ್ಯಾಂಜು, ವಾಲ್ವುಗಳ ಹೆಚ್ಚುವರಿ ಸೆಟ್ ತಗೊಂಡು, ಪ್ರತಿ ಸರದಿಗೂ ತೊಳೆದ ಒಂದೊಂದು ಸೆಟ್ ಚೀಲದಲ್ಲಿಟ್ಟುಕೊಂಡು, ಬಳಸಿದ್ದನ್ನು ಬೇರೆ ಜಿಪ್ ಕವರಿಗೆ ಹಾಕಿ ಮನೆಗೆ ಒಯ್ಯುವುದು. ಮೋಟಾರು ಒಂದೇ ಜೊತೆ ಸಾಕು. ಮನೆಯಲ್ಲಿ ತೊಳೆಯುವ ಕೆಲಸ ಗಂಡನದ್ದು, ಇದರ ಬಗ್ಗೆ ಮಾತುಕತೆಗೆ ಅವಕಾಶ ಕೊಟ್ಟಿಲ್ಲ.

ವಾಲ್ವಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಾತುಕೋಳಿಯ ಕೊಕ್ಕಿನ ಆಕಾರದ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಸಿಲಿಕೋನ್ ತುಂಡು. ತುದಿಯಲ್ಲಿ ಒಂದು ಸೀಳು. ಎಳೆದಾಗ ಮುಚ್ಚಬೇಕು, ಬಿಟ್ಟಾಗ ತೆರೆದು ಹಾಲನ್ನು ಕಪ್ಪಿಗೆ ಬಿಡಬೇಕು. ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಯಿತು ಅನ್ನಿಸಿದರೆ ನಿಮ್ಮನ್ನು ನೀವು ಅನುಮಾನಿಸುವ ಮೊದಲು ಇದನ್ನು ಬೆಳಕಿಗೆ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಬೆರಳು ಬಿಟ್ಟಾಗ ಸೀಳಿನ ತುಟಿ ಕೂಡದೆ ಕೂದಲೆಳೆಯಷ್ಟು ಬೆಳಕು ಕಂಡರೆ ಅದರ ಆಯುಸ್ಸು ಮುಗಿದಿದೆ. ನನ್ನದರಲ್ಲಿ ಸೀಳಿನ ಒಂದು ಮೂಲೆ ಹರಿದಿತ್ತು, ಬ್ರಷ್‌ನಿಂದ ತೊಳೆದು ತೊಳೆದು. ಮೋಟಾರ್ ಗುರ್ ಅನ್ನುತ್ತಿತ್ತು, ಎಳೆತ ಇರಲಿಲ್ಲ. ದಿನಾ ಹಲವು ಸಲ ಬಳಸುವವರು ಎರಡು ಮೂರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಬ್ರಷ್ ತಾಗಿಸದೆ ಬೆರಳಿನಿಂದಲೇ ತೊಳೆದರೆ ಜಾಸ್ತಿ ಬಾಳುತ್ತದೆ.

ಕಂಪನಿಯ ವಾರಂಟಿಯನ್ನು ನಾನು ಬಿಡುತ್ತೇನಾ? ಪೂರ್ತಿ ಓದಿದೆ. ಮೋಟಾರಿಗೆ ವಾರಂಟಿ ಇದೆ, ಸಿಲಿಕೋನ್ ಭಾಗ ಯಾವುದಕ್ಕೂ ಇಲ್ಲ. ಕೊಂಡ ಕೆಲವೇ ದಿನದಲ್ಲಿ ಆನ್‌ಲೈನ್ ನೋಂದಣಿ ಮಾಡದಿದ್ದರೆ ಮೋಟಾರಿಗೂ ಇಲ್ಲ. ಹೆರಿಗೆಗೆ ಮುಂಚೆಯೇ ಕೊಂಡು ಕಪಾಟಿನಲ್ಲಿಟ್ಟವರು ಗಮನಿಸಿ, ಗಡಿಯಾರ ಬಿಲ್ಲಿನ ದಿನದಿಂದ ಓಡುತ್ತದೆ, ಬಳಸಲು ಶುರು ಮಾಡಿದ ದಿನದಿಂದಲ್ಲ. ಶುಚಿತ್ವದ ಕಾರಣಕ್ಕೆ ಡಬ್ಬಿ ಬಿಚ್ಚಿದರೆ ವಾಪಸ್ ತಗೊಳ್ಳುವುದಿಲ್ಲ ಅನ್ನುವ ಷರತ್ತೂ ಇದೆ. ಅದು ನ್ಯಾಯವೇ, ಒಬ್ಬರು ಬಳಸಿದ ಇಂಥ ಪಂಪನ್ನು ಇನ್ನೊಬ್ಬರು ಬಳಸಬಾರದು, ಹಲವರ ಬಳಕೆಗೆ ಅಂತಲೇ ತಯಾರಾದ ಆಸ್ಪತ್ರೆಯ ಪಂಪಿನ ಮಾತು ಬೇರೆ. ಆದರೆ ಬಿಚ್ಚದೆ ಸೈಜು ಸರಿಯಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ನನ್ನ ಒಂದು ಮೋಟಾರು ಚಾರ್ಜ್ ಆಗುವುದು ನಿಲ್ಲಿಸಿತು. ಗ್ರಾಹಕ ಸೇವೆಯವರು ಮೊದಲು 'ಫೋಟೋ ಕಳಿಸಿ ಮೇಡಂ', ಆಮೇಲೆ 'ವಿಡಿಯೋ ಕಳಿಸಿ ಮೇಡಂ', ಆಮೇಲೆ ಮೌನ. ಅವರದೇ ವಾರಂಟಿಯ ಷರತ್ತಿನ ನಂಬರ್ ಹಾಕಿ, ಲೆಟರ್‌ಹೆಡ್ ಇಲ್ಲದೆ, ನಾಲ್ಕು ಸಾಲಿನ ಮೇಲ್ ಬರೆದೆ. ಹೊಸ ಮೋಟಾರು ಬಂತು. ವಕೀಲಿಕೆ ಗೊತ್ತಿಲ್ಲದವರಿಗೂ ಇದೇ ದಾರಿ, ಷರತ್ತಿನ ನಂಬರ್ ಬರೆಯಿರಿ, ಫೋನಿನಲ್ಲಿ ಜಗಳ ಆಡಬೇಡಿ. ಇಲ್ಲಿ ಎರಡನೇ ಅರ್ಧ ಸ್ಟಾರ್ ಹೋಯಿತು.

ಮೂರನೆಯದು ಆ್ಯಪ್‌ಗೆ. ಪಂಪು ಆನ್ ಮಾಡಲು ಆ್ಯಪ್ ಬೇಕಿಲ್ಲ, ಆದರೆ ಹಾಕಿಕೊಳ್ಳಿ ಅಂತ ಪೀಡಿಸುತ್ತದೆ. ಹಾಕಿದರೆ ನನ್ನ ಹೆಸರು, ಮಗುವಿನ ಹುಟ್ಟಿದ ದಿನ, ಯಾವ ಹೊತ್ತಿಗೆ ಎಷ್ಟು ಹಾಲು, ಮೇಲಾಗಿ ನಾನು ಎಲ್ಲಿದ್ದೇನೆ ಅನ್ನುವುದೂ ಬೇಕಂತೆ. ಎದೆಹಾಲಿಗೂ ನಾನಿರುವ ಜಾಗಕ್ಕೂ ಏನು ಸಂಬಂಧ? ಗೋಪ್ಯತಾ ನೀತಿಯಲ್ಲಿ 'ನಮ್ಮ ಪಾಲುದಾರರೊಂದಿಗೆ' ಅಂತ ಇದೆ, ಪಾಲುದಾರರು ಯಾರು ಅಂತ ಇಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಂದು ಕೊಲೆ ಕೇಸಿನಲ್ಲಿ ಫಿಟ್‌ಬಿಟ್ ಅನ್ನುವ, ಹೆಜ್ಜೆ ಎಣಿಸುವ ಪುಟ್ಟ ಯಂತ್ರದಲ್ಲಿ ದಾಖಲಾದ ನಡಿಗೆಯ ಲೆಕ್ಕವೇ ಸಾಕ್ಷಿಯಾಗಿ ಬಂದದ್ದು ಓದಿದವರಿಗೆ ಗೊತ್ತು, ದೇಹಕ್ಕೆ ಅಂಟಿಸಿಕೊಂಡ ಯಂತ್ರ ಬರೆದಿಟ್ಟದ್ದು ಯಾವತ್ತು ಯಾರ ಮುಂದೆ ಬರುತ್ತದೋ ಹೇಳಲು ಬರುವುದಿಲ್ಲ. ನಾನೇನು ಕೊಲೆ ಮಾಡಿಲ್ಲ. ಆದರೂ ಆ್ಯಪ್ ತೆಗೆದೆ, ಬಟನ್ ಸಾಕು.

ಹಾಲು ತೆಗೆದ ಮೇಲಿನ ಕಥೆ ಪಂಪಿನದಲ್ಲ, ಆದರೂ ಅದಿಲ್ಲದೆ ಪಂಪಿಗೆ ಬೆಲೆಯಿಲ್ಲ. ಆಗಷ್ಟೇ ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ತನಕದ ಹೊರಗಿನ ಹವೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಚೆನ್ನಾಗಿರುತ್ತದೆ. ಐಸ್ ಪ್ಯಾಕ್ ಇಟ್ಟ ತಂಪು ಚೀಲದಲ್ಲಿ 24 ಗಂಟೆ ನಡೆಯುತ್ತದೆ, ಅಂದರೆ ಕೋರ್ಟಿನಿಂದ ಚೇಂಬರು, ಅಲ್ಲಿಂದ ಮನೆ, ಎಲ್ಲಕ್ಕೂ ಸಾಕು. ಫ್ರೀಜರಿನಿಂದ ತೆಗೆದು ಪೂರ್ತಿ ಕರಗಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸುವ ಹಾಗಿಲ್ಲ. ಮಗು ಬಾಯಿ ಹಾಕಿ ಉಳಿಸಿದ್ದಕ್ಕೆ ಎರಡು ಗಂಟೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಾರದು, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುತ್ತದೆ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಸಾಕು. ಇದನ್ನೆಲ್ಲ ಮಗುವನ್ನು ನೋಡಿಕೊಳ್ಳುವವರಿಗೆ ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಮರೆಯುವುದು ಸಹಜ. ನಾನು ಕೋರ್ಟಿನಲ್ಲಿ ದಾಖಲೆಗೆ ಗುರುತು ಹಾಕುವ ಹಾಗೆ ಪ್ರತಿ ಬಾಟಲಿಗೂ ನಂಬರ್, ದಿನ, ಹೊತ್ತು ಬರೆದು ಅಂಟಿಸಿ, ಹಳೆಯದು ಮುಂದೆ, ಹೊಸದು ಹಿಂದೆ ಇಡುತ್ತೇನೆ. ಬಾಟಲಿಗೆ 60ರಿಂದ 90 ಮಿಲಿ ಮಾತ್ರ. ಕಪ್ಪು 150 ಹಿಡಿಯುತ್ತದೆ ಅಂತ ಅಷ್ಟೂ ಒಂದೇ ಬಾಟಲಿಗೆ ಸುರಿದರೆ ಉಳಿದದ್ದು ಸಿಂಕಿಗೆ. ಅಷ್ಟು ಕಷ್ಟಪಟ್ಟು ತೆಗೆದದ್ದು ಹರಿದುಹೋಗುವುದನ್ನು ನೋಡಿದರೆ ಕರುಳು ಕಿವುಚುತ್ತದೆ.

ಇಷ್ಟೆಲ್ಲ ಮಾಡಿದರೂ ಮಗು ಹಗಲಿನಲ್ಲಿ ಬಾಟಲಿ ಕಡಿಮೆ ಕುಡಿದು, ನೀವು ಮನೆಗೆ ಬಂದ ಮೇಲೆ ರಾತ್ರಿಯಿಡೀ ಎದೆಗೆ ಅಂಟಿಕೊಳ್ಳುವುದುಂಟು. ತಾಯಿ ಹಗಲು ಹೊರಗಿದ್ದರೆ ಎಷ್ಟೋ ಮಕ್ಕಳು ಹೀಗೆ ಮಾಡುತ್ತವೆ, ಪಾಪ, ಅವಕ್ಕೆ ಬೇಕಿರುವುದು ಹಾಲು ಮಾತ್ರ ಅಲ್ಲವಲ್ಲ. ಒಂದರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ ಸರಾಸರಿ 750 ಮಿಲಿ ಹತ್ತಿರ ಬೇಕು, ಅದು ಹಗಲೇ ಕುಡಿಯಲಿ, ರಾತ್ರಿಯೇ ಕುಡಿಯಲಿ. ಹಾಗಾಗಿ ಪಂಪಿನಲ್ಲಿ ಸಿಕ್ಕಿದ ಅಂಕಿ ನೋಡಿ ಹೆದರಬೇಡಿ, ಮಗು ಚುರುಕಾಗಿದೆಯಾ, ತೂಕ ಏರುತ್ತಿದೆಯಾ, ಅದನ್ನು ನೋಡಿ. ಮರುದಿನ ಅಂತಿಮ ವಾದ ಇರುವ ರಾತ್ರಿ ಈ ಮಾತು ಸಮಾಧಾನ ಕೊಡುವುದಿಲ್ಲ, ಗೊತ್ತು. ಅಂಥ ರಾತ್ರಿ ಒಂದು ಸರದಿಯ ಬಾಟಲಿಯನ್ನು ಗಂಡ ಕುಡಿಸುತ್ತಾರೆ, ನಾನು ಬೇರೆ ರೂಮಿನಲ್ಲಿ ಮಲಗುತ್ತೇನೆ.

ಈಗ ನನಗೆ ಸಿಟ್ಟಿರುವ ವಿಷಯ. ಈ ಪಂಪಿನ ಜಾಹೀರಾತೆಲ್ಲ ಒಂದೇ ರಾಗ: ಕೆಲಸ ನಿಲ್ಲಿಸಬೇಕಿಲ್ಲ, ಮೀಟಿಂಗ್ ನಡುವೆಯೇ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ. ಯಾಕೆ ಗೊತ್ತಾಗಬಾರದು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಹೆರಿಗೆ ರಕ್ಷಣೆ ಒಪ್ಪಂದ, 183ನೇ ನಂಬರಿನದು, ಕನಿಷ್ಠ 14 ವಾರದ ರಜೆಯ ಜೊತೆಗೆ ಮಗುವಿಗೆ ಹಾಲೂಡಿಸಲು ದಿನಾ ಬಿಡುವು ಕೊಡಬೇಕು, ಅದನ್ನು ಕೆಲಸದ ಹೊತ್ತು ಅಂತಲೇ ಲೆಕ್ಕ ಹಿಡಿದು ಸಂಬಳ ಕೊಡಬೇಕು ಅನ್ನುತ್ತದೆ. ಅದು ಉದ್ಯೋಗದಲ್ಲಿರುವವರಿಗೆ. ಸ್ವಂತ ಪ್ರಾಕ್ಟೀಸ್ ಮಾಡುವ ವಕೀಲೆಗೆ ಬಿಡುವು ಕೊಡುವ ಮಾಲೀಕ ಯಾರು? ಅವಳೇ. ಎದುರಿಗೆ ಕಕ್ಷಿದಾರ, ಮೇಲೆ ಸೀನಿಯರ್, ಎಲ್ಲಕ್ಕೂ ಮೇಲೆ ಕೋರ್ಟಿನ ಗಡಿಯಾರ. ಇಂಥವಳ ಕೈಗೆ 'ನಿಲ್ಲಿಸಬೇಕಿಲ್ಲ' ಅನ್ನುವ ಯಂತ್ರ ಕೊಟ್ಟರೆ ಅವಳು ನಿಲ್ಲಿಸುವುದೇ ಇಲ್ಲ. ದೊಡ್ಡ ಪಂಪಿಗೆ ಕೂತಾಗ ಕಡೇಪಕ್ಷ ಹದಿನೈದು ನಿಮಿಷ ಬೆನ್ನು ಕುರ್ಚಿಗೆ ಒರಗುತ್ತಿತ್ತು, ನೀರು ಕುಡಿಯುತ್ತಿದ್ದೆ. ಇದು ಬಂದ ಮೇಲೆ ಆ ಹೊತ್ತಿಗೂ ಕೆಲಸ ನುಗ್ಗಿತು. ಕೆಲವು ವಾರ ಹಾಗೆ ನಡೆಸಿ, ಆಮೇಲೆ ಡೈರಿಯಲ್ಲಿ ಮಧ್ಯಾಹ್ನದ ಒಂದು ಸರದಿಯನ್ನು ಖಾಲಿ ಬಿಡಲು ಶುರು ಮಾಡಿದೆ. ಪಂಪು ಇದೇ, ಆದರೆ ಕಂಪ್ಯೂಟರ್ ಮುಚ್ಚಿರುತ್ತದೆ. ಗುಮಾಸ್ತರಿಗೂ ಹೇಳಿದ್ದೇನೆ, ಆ ಹೊತ್ತಿಗೆ ಯಾರಿಗೂ ಸಮಯ ಕೊಡಬೇಡಿ ಅಂತ. ಕಾರಣ ಕೇಳಿದವರಿಗೆ ಕಾರಣವನ್ನೇ ಹೇಳುತ್ತೇನೆ.

ಹಾಗಾದರೆ ಯಾರು ತಗೊಳ್ಳಬೇಕು? ಚೇಂಬರ್ ಪ್ರಾಕ್ಟೀಸ್, ಕಾಂಟ್ರಾಕ್ಟ್ ಕೆಲಸ, ತೆರಿಗೆ, ಮಧ್ಯಸ್ಥಿಕೆಯ ಕಾಗದ ಪತ್ರ, ಹೀಗೆ ಕೂತು ಮಾಡುವ ಕೆಲಸ ಜಾಸ್ತಿ ಇರುವವರು ಕಣ್ಣು ಮುಚ್ಚಿ ತಗೊಳ್ಳಿ. ದಿನಾ ವಿಚಾರಣೆಗೆ ನಿಲ್ಲುವವರು, ಸಾಕ್ಷಿ ನಡೆಸುವವರು ಬೆಳಿಗ್ಗೆ ಮನೆಯಲ್ಲಿ ದೊಡ್ಡ ಪಂಪಿನಿಂದ ಒಂದು ಸಲ ಪೂರ್ತಿ ಖಾಲಿ ಮಾಡಿ ಹೊರಡಿ, ಹಾಲು ಜಾಸ್ತಿ ಇರುವುದು ಆಗಲೇ. ಇದನ್ನು ಕೋರ್ಟ್ ಮುಗಿದ ಮೇಲಿನ ಸರದಿಗೆ, ಕಾರಿನ ಹೊತ್ತಿಗೆ ಇಟ್ಟುಕೊಳ್ಳಿ. ಹಾಲು ಈಗಷ್ಟೇ ಹೊಂದಿಕೊಳ್ಳುತ್ತಿರುವ ಮೊದಲ ಕೆಲವು ವಾರ ಇದನ್ನು ನೆಚ್ಚಬೇಡಿ, ಇದರ ಎಳೆತ ದೊಡ್ಡದರಷ್ಟು ಪೂರ್ತಿ ಖಾಲಿ ಮಾಡುವುದಿಲ್ಲ, ನನಗೆ ಪ್ರತಿ ಸಲವೂ ಸ್ವಲ್ಪ ಉಳಿದೇ ಇರುತ್ತಿತ್ತು. ಒಂದೇ ಕಡೆಯದು ತಗೊಂಡು ದುಡ್ಡು ಉಳಿಸುವ ಯೋಚನೆ ಇದ್ದರೆ ಬಿಡಿ, ಸಮಯ ಇಮ್ಮಡಿಯಾಗುತ್ತದೆ. ತಗೊಂಡ ದಿನವೇ ನೋಂದಣಿ ಮಾಡಿಸಿ, ನಿಮ್ಮ ಅಳತೆಯ ಉಂಗುರ ಮತ್ತು ಎರಡು ಜೊತೆ ವಾಲ್ವು ಒಟ್ಟಿಗೇ ಆರ್ಡರ್ ಮಾಡಿಬಿಡಿ. ಒಂದು ಜೊತೆ ಮನೆಗೆ, ಇನ್ನೊಂದು ಆಫೀಸಿನ ಮೇಜಿನ ಖಾನೆಗೆ. ಅಲ್ಲೇ ಒಂದು ಮಡಿಸಿದ ಅಂಗಿಯೂ ಇರಲಿ.